ಕೋಹಾದಲ್ಲಿ ಕನ್ನಡ ಪುಸ್ತಕ ಹುಡುಕಿದರೆ ಸಿಗುತ್ತಿಲ್ಲ: ತಪ್ಪು ಡೇಟಾದಲ್ಲೋ, ಸಾಫ್ಟ್‌ವೇರ್‌ನಲ್ಲೋ?

ಕಪಾಟಿನಂಚು (ಪ್ರಶ್ನೆ)

ನಮಸ್ಕಾರ. ಕಾಲೇಜು ಗ್ರಂಥಾಲಯದ ಅಕ್ಸೆಷನ್ ರಿಜಿಸ್ಟರನ್ನು (ಬಂದ ಪುಸ್ತಕಗಳಿಗೆ ಕ್ರಮಸಂಖ್ಯೆ ಕೊಟ್ಟು ದಾಖಲಿಸುವ ಪಟ್ಟಿ) ಎಕ್ಸೆಲ್‌ನಿಂದ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶಕ್ಕೆ ಸಾಗಿಸುವ ಕೆಲಸ ನಡೆದಿದೆ. ಒಟ್ಟು 22,000 ಪ್ರತಿ, ಅದರಲ್ಲಿ 6,000ದಷ್ಟು ಕನ್ನಡ. ಎಕ್ಸೆಲ್‌ನಲ್ಲಿ ಪ್ರತಿಯೊಂದಕ್ಕೆ ಒಂದು ಸಾಲು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ತುಂಬಿದ್ದಾರೆ. ಹಳೆಯ ಸಾಲುಗಳು ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿವೆ, ಹೊಸವು ಯುನಿಕೋಡ್. ಕೋಹಾವನ್ನು ಡೆಬಿಯನ್ ಲಿನಕ್ಸ್ ಮೇಲೆ ಪ್ಯಾಕೇಜಿನಿಂದ ಹಾಕಿದ್ದೇವೆ. ಹುಡುಕಾಟದ ಸೂಚಿ ಕಟ್ಟಲು ಜೀಬ್ರಾ ಎಂಬ ತಂತ್ರಾಂಶ, ಬಂದಹಾಗೇ ಬಿಟ್ಟಿದ್ದೇವೆ. ಪ್ರಯೋಗಕ್ಕೆಂದು 500 ಸಾಲು ಏರಿಸಿದಾಗ ಕಂಡದ್ದು:

ಓಪ್ಯಾಕ್‌ನಲ್ಲಿ (ಓದುಗರು ಹುಡುಕುವ ಆನ್‌ಲೈನ್ ಪುಸ್ತಕಪಟ್ಟಿ) ಶೀರ್ಷಿಕೆ ಕಣ್ಣೆದುರೇ ಕಾಣುತ್ತದೆ, ಅದನ್ನೇ ಟೈಪ್ ಮಾಡಿ ಹುಡುಕಿದರೆ "ಫಲಿತಾಂಶವಿಲ್ಲ". "ಸಾಫ್ಟ್‌ವೇರ್" ಇರುವ ಮೂರು ಪುಸ್ತಕಗಳಲ್ಲಿ ಒಂದೇ ಸಿಗುತ್ತದೆ. "ಸಂಶೋಧನೆ" ಹಾಕಿದರೆ ಕೆಲವು ಬರುತ್ತವೆ, ಕೆಲವು ಬರುವುದಿಲ್ಲ. ಐಎಸ್‌ಬಿಎನ್ ಕಾಲಮ್ಮಿನಲ್ಲಿ ಬಹುಪಾಲು 9.78ಇ+12 ಎಂದು ಕೂತಿದೆ. ಒಂದೇ ಪುಸ್ತಕದ ಐದು ಪ್ರತಿ ಐದು ಬೇರೆ ದಾಖಲೆಯಾಗಿ ಬಂದಿವೆ.

ಇದರ ಜೊತೆಗೆ ಬಾರ್‌ಕೋಡ್ ಅಂಟಿಸುವುದು ಬಾಕಿ ಇದೆ. ನೇರ ಆರ್‌ಎಫ್‌ಐಡಿಗೇ (ರೇಡಿಯೊ ತರಂಗದಿಂದ ಓದುವ ಚಿಪ್ ಟ್ಯಾಗ್) ಹೋಗೋಣ ಎಂಬ ಒತ್ತಡ ಮೇಲಿನಿಂದ ಇದೆ. ಯಾವುದರಿಂದ ಶುರು ಮಾಡಬೇಕು?

ಮಾರ್ಕ್_245

ಮೊದಲು ಆ 500 ದಾಖಲೆಗಳನ್ನು ತೆಗೆದುಬಿಡಿ. ಕೋಹಾದಲ್ಲಿ "ಸ್ಟೇಜ್ ಮಾಡಿದ ದಾಖಲೆಗಳ ನಿರ್ವಹಣೆ"ಗೆ ಹೋಗಿ ಆ ಗುಂಪನ್ನು ಆರಿಸಿ "ಅನ್‌ಡೂ ಇಂಪೋರ್ಟ್" ಒತ್ತಿದರೆ ಸಾಕು. ಏರಿಸಿದ ಮೇಲೆ ತಿದ್ದುವುದಕ್ಕಿಂತ ಏರಿಸುವ ಮುಂಚೆ ತಿದ್ದುವುದು ಹತ್ತು ಪಟ್ಟು ಸುಲಭ. ಕನ್ನಡ ಹುಡುಕಾಟದ ವಿಷಯ ಬೇರೆಯವರು ಹೇಳಲಿ, ನಾನು ಎಕ್ಸೆಲ್‌ಗೆ ಸೀಮಿತ.

ಐಎಸ್‌ಬಿಎನ್: 9.78ಇ+12 ಎಂದು ಕಂಡ ಮಾತ್ರಕ್ಕೆ ಸಂಖ್ಯೆ ಹಾಳಾಗಿಲ್ಲ. ಎಕ್ಸೆಲ್ 15 ಅಂಕಿಯವರೆಗೆ ಸರಿಯಾಗಿ ಇಟ್ಟುಕೊಳ್ಳುತ್ತದೆ, ಐಎಸ್‌ಬಿಎನ್ 13. ಕಡತ ಇನ್ನೂ ಎಕ್ಸೆಲ್ ರೂಪದಲ್ಲೇ ಇದ್ದರೆ ಕಾಲಮ್ಮನ್ನು ದಶಾಂಶವಿಲ್ಲದ ಸಂಖ್ಯೆಯಾಗಿ ಬದಲಿಸಿ, ಪೂರ್ತಿ ಅಂಕಿಗಳು ಮರಳಿ ಬರುತ್ತವೆ. ಆದರೆ ಆ ಅವತಾರದಲ್ಲೇ ಯಾರಾದರೂ ಸಿಎಸ್‌ವಿಗೆ ಉಳಿಸಿದ್ದರೆ ಹಿಂದಿನ ಅಂಕಿಗಳು ಹೋದವು. ಪುಸ್ತಕ ಕೈಗೆತ್ತಿಕೊಂಡು ಮತ್ತೆ ಬರೆಯುವುದೊಂದೇ ದಾರಿ. 10 ಅಂಕಿಯ ಹಳೆಯ ಐಎಸ್‌ಬಿಎನ್‌ಗಳಲ್ಲಿ ಮುಂದಿನ ಸೊನ್ನೆ ಉದುರಿ 9 ಅಂಕಿ ಉಳಿದಿರುತ್ತದೆ. ಮುಂದೆ ಸೊನ್ನೆ ಸೇರಿಸಿ. ಕೊನೆಯಲ್ಲಿ ಎಕ್ಸ್ ಇರುವವು ಪಠ್ಯವಾಗಿಯೇ ಉಳಿದಿರುತ್ತವೆ, ಅವಕ್ಕೆ ಚಿಂತೆಯಿಲ್ಲ.

ತಪಾಸಣೆ ಅಂಕಿಯನ್ನೂ ಒಮ್ಮೆ ನೋಡಿಬಿಡಿ. 13 ಅಂಕಿಯದಕ್ಕೆ ಮೊದಲ 12 ಅಂಕಿಗಳನ್ನು ಎಡದಿಂದ 1, 3, 1, 3 ಎಂದು ಗುಣಿಸಿ ಕೂಡಬೇಕು. 978030640615 ತೆಗೆದುಕೊಳ್ಳಿ: 9+21+8+0+3+0+6+12+0+18+1+15, ಒಟ್ಟು 93. ಮುಂದಿನ ಹತ್ತರ ಗುಣಕ 100ಕ್ಕೆ ಬೇಕಾದದ್ದು 7. ಹಾಗಾಗಿ ಕೊನೆಯ ಅಂಕಿ 7 ಇರಬೇಕು. ಇದನ್ನೇ ಪಕ್ಕದ ಕಾಲಮ್ಮಿನಲ್ಲಿ ಸೂತ್ರ ಮಾಡಿ, ತಾಳೆಯಾಗದ ಸಾಲುಗಳಿಗೆ ಬಣ್ಣ ಹಚ್ಚಿ. ಎರಡು ಅಂಕಿ ಅದಲುಬದಲಾದ ತಪ್ಪುಗಳು ಹೆಚ್ಚುಕಡಿಮೆ ಎಲ್ಲ ಇದರಲ್ಲೇ ಸಿಕ್ಕಿಬೀಳುತ್ತವೆ. ಅಕ್ಕಪಕ್ಕದ ಎರಡು ಅಂಕಿಗಳ ವ್ಯತ್ಯಾಸ ಸರಿಯಾಗಿ 5 ಇದ್ದಾಗ ಮಾತ್ರ ತಪ್ಪಿಸಿಕೊಳ್ಳುತ್ತವೆ.

ಅಕ್ಸೆಷನ್ ಸಂಖ್ಯೆಯ ಕಾಲಮ್ಮನ್ನು ಪಠ್ಯವನ್ನಾಗಿ ಮಾಡಿ ಎಲ್ಲಕ್ಕೂ 6 ಅಂಕಿ ಬರುವಂತೆ ಮುಂದೆ ಸೊನ್ನೆ ತುಂಬಿ: 000417, 021988 ಹೀಗೆ. ಇದೇ ಬಾರ್‌ಕೋಡ್ ಆಗಲಿ, ಎರಡು ಸಂಖ್ಯೆಪದ್ಧತಿ ಬೇಡ. ಒಂದೇ ಸಂಖ್ಯೆ ಎರಡು ಕಡೆ ಇದೆಯೇ ಎಂದು ಈಗಲೇ ಹುಡುಕಿ. ಏರಿಸುವಾಗ ಬಾರ್‌ಕೋಡ್ ಮರುಕಳಿಸಿದರೆ ಎರಡನೆಯ ಪ್ರತಿ ಸೇರುವುದಿಲ್ಲ. ವರದಿಯ ಕೊನೆಯಲ್ಲಿ "ಇಷ್ಟು ಐಟಂ ಬಿಟ್ಟಿದೆ" ಎಂಬ ಒಂದು ಸಾಲು ಬರುತ್ತದೆ, ಅದನ್ನು ಯಾರೂ ಓದುವುದಿಲ್ಲ.

ಐದು ಪ್ರತಿ ಐದು ದಾಖಲೆಯಾದದ್ದು ಸಾಲು ಲೆಕ್ಕದಲ್ಲಿ ಮಾರ್ಕ್ (ಗ್ರಂಥಾಲಯ ದಾಖಲೆಗಳ ಪ್ರಮಾಣಿತ ರೂಪ, ಪ್ರತಿ ಕ್ಷೇತ್ರಕ್ಕೂ ಒಂದು ಸಂಖ್ಯೆ) ಮಾಡಿದ್ದರಿಂದ. ಎಕ್ಸೆಲ್ ಸಾಲುಗಳನ್ನು ಮಾರ್ಕ್ ಮಾಡುವ ಮಾರ್ಕ್‌ಎಡಿಟ್ ತಂತ್ರಾಂಶದ ಡಿಲಿಮಿಟೆಡ್ ಟೆಕ್ಸ್ಟ್ ಟ್ರಾನ್ಸ್‌ಲೇಟರ್ ಒಂದು ಸಾಲಿಗೆ ಒಂದು ದಾಖಲೆ ಕೊಡುತ್ತದೆ, ಅದರ ಸ್ವಭಾವವೇ ಅದು. ನಿಮಗೆ ಬೇಕಾದದ್ದು ಒಂದು ಗ್ರಂಥ ದಾಖಲೆ, ಅದರೊಳಗೆ ಪ್ರತಿಗೊಂದರಂತೆ ಐದು 952 (ಕೋಹಾದಲ್ಲಿ ಪ್ರತಿಯ ವಿವರ ಇಡುವ ಕ್ಷೇತ್ರ). ಐಎಸ್‌ಬಿಎನ್ ಇದ್ದರೆ ಅದರಿಂದ, ಇಲ್ಲದಿದ್ದರೆ ಶೀರ್ಷಿಕೆ, ಲೇಖಕ, ಆವೃತ್ತಿ, ವರ್ಷ ನಾಲ್ಕನ್ನೂ ಜೋಡಿಸಿದ ಒಂದು ಕೀಲಿಯಿಂದ ಗುಂಪು ಮಾಡಿ. ಆವೃತ್ತಿಯನ್ನು ಬಿಟ್ಟರೆ ಎರಡನೆಯ, ಆರನೆಯ ಆವೃತ್ತಿಗಳು ಒಂದೇ ದಾಖಲೆಯೊಳಗೆ ಸೇರಿಹೋಗುತ್ತವೆ, ಆಮೇಲೆ ಬಿಡಿಸುವುದು ತಲೆನೋವು. ಪೈಥಾನ್ ಗೊತ್ತಿರುವವರು ಯಾರಾದರೂ ಇದ್ದರೆ ಅದರ ಪೈಮಾರ್ಕ್ ಸಲಕರಣೆ ಬಳಸಿ ಚಿಕ್ಕ ಸ್ಕ್ರಿಪ್ಟ್ ಸಾಕು.

952ರಲ್ಲಿ ತಪ್ಪದೆ ಬೇಕಾದ ಉಪಕ್ಷೇತ್ರಗಳು ($ ಗುರುತಿನವು): $ಎ ಮತ್ತು $ಬಿ ಎರಡರಲ್ಲೂ ಗ್ರಂಥಾಲಯದ ಕೋಡ್, $ಓದಲ್ಲಿ ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ), $ಪಿಯಲ್ಲಿ ಬಾರ್‌ಕೋಡ್, $ವೈಯಲ್ಲಿ ಐಟಂ ಟೈಪ್. ಕೋಡ್‌ಗಳು ಕೋಹಾದಲ್ಲಿ ನೀವು ಮೊದಲೇ ಮಾಡಿಟ್ಟ ಕೋಡ್‌ಗಳಿಗೆ ಅಕ್ಷರಶಃ ಹೊಂದಬೇಕು. ಹಿಂದೊಂದು ಸ್ಪೇಸ್ ಉಳಿದರೂ ಬೇರೆ ಕೋಡ್ ಆಗುತ್ತದೆ. ಎಕ್ಸೆಲ್‌ನಲ್ಲಿ ಟ್ರಿಮ್ ಒಮ್ಮೆ ಹೊಡೆಯಿರಿ.

ಇನ್ನೊಂದು, ಇದು ಕನ್ನಡಕ್ಕೂ ಸಂಬಂಧಪಟ್ಟದ್ದು. ಮಾರ್ಕ್ ಲೀಡರ್‌ನ (ದಾಖಲೆಯ ತಲೆಭಾಗ) 9ನೇ ಸ್ಥಾನದಲ್ಲಿ ಇಂಗ್ಲಿಷ್ ಸಣ್ಣ "ಎ" ಇರಬೇಕು. ಅದು ಯುನಿಕೋಡ್ ಎಂಬ ಗುರುತು. ಖಾಲಿ ಬಿಟ್ಟರೆ ತಂತ್ರಾಂಶ ಅದನ್ನು ಮಾರ್ಕ್-8 (ಯುನಿಕೋಡ್‌ಗೂ ಹಿಂದಿನ ಅಕ್ಷರಸಂಕೇತ) ಎಂದು ತಿಳಿದು ಪರಿವರ್ತಿಸಲು ಹೋಗುತ್ತದೆ. ಮಾರ್ಕ್-8ರಲ್ಲಿ ಕನ್ನಡವೇ ಇಲ್ಲ. ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ ಬಂದರೆ ಮೊದಲು ನೋಡಬೇಕಾದ ಜಾಗ ಇದು.

ಅಕ್ಷರಗಣ

ಕನ್ನಡ ಹುಡುಕಾಟದ ಬಗ್ಗೆ. ತಪ್ಪು ಡೇಟಾದಲ್ಲೂ ಇದೆ, ಸೂಚಿಯಲ್ಲೂ ಇದೆ. ಒಂದನ್ನು ಸರಿಮಾಡಿ ಇನ್ನೊಂದನ್ನು ಬಿಟ್ಟರೆ ಏನೂ ಆಗಿಲ್ಲ ಎನ್ನಿಸುತ್ತದೆ, ಅದಕ್ಕೇ ಹಲವರು ಅರ್ಧದಲ್ಲಿ ಕೈಬಿಡುತ್ತಾರೆ.

ಡೇಟಾ ಮೊದಲು. ನಿಮ್ಮ "ಸಾಫ್ಟ್‌ವೇರ್" ಇರುವ ಮೂರು ಸಾಲುಗಳಲ್ಲಿ ಆ ಪದವನ್ನಷ್ಟೇ ಬೇರೆ ಕೋಶಕ್ಕೆ ನಕಲಿಸಿ ಪಕ್ಕದಲ್ಲಿ ಅಕ್ಷರ ಎಣಿಸುವ ಲೆನ್ ಸೂತ್ರ ಹಾಕಿ. ಒಂದರಲ್ಲಿ 11, ಇನ್ನೊಂದರಲ್ಲಿ 10 ಬರುತ್ತದೆ. ಟ ಕಾರದ ವಿರಾಮದ (್) ನಂತರ ವ ಒತ್ತಾಗದಂತೆ ತಡೆಯಲು ಹಾಕುವ ಶೂನ್ಯ ಅಗಲದ ಅಕ್ಷರ (ಯು+200ಸಿ) ಒಂದರಲ್ಲಿದೆ, ಒಂದರಲ್ಲಿಲ್ಲ. ಇಲ್ಲದ್ದು "ಸಾಫ್ಟ್ವೇರ್" ಎಂದು ಒತ್ತಾಗಿ ಕಾಣುತ್ತದೆ. ಕಂಪ್ಯೂಟರಿಗೆ ಎರಡೂ ಬೇರೆ ಪದಗಳು. ಇದನ್ನು ಡೇಟಾದಿಂದ ಕಿತ್ತುಹಾಕಬೇಡಿ, ಪರದೆಯ ಮೇಲೆ ಶೀರ್ಷಿಕೆ ವಿಕಾರವಾಗುತ್ತದೆ. ಇರಬೇಕಾದ ಕಡೆ ಇರಲಿ, ಸೂಚಿ ಕಟ್ಟುವಾಗ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಬೇಕು. ಅದು ಕೆಳಗೆ.

"ಸಂಶೋಧನೆ"ಯದು ಇನ್ನೂ ಸ್ವಾರಸ್ಯ. ಇಲ್ಲಿ ಲೆನ್ ಕೆಲಸಕ್ಕೆ ಬರುವುದಿಲ್ಲ, ಎರಡೂ ಕಡೆ ಒಂದೇ ಉದ್ದ. ಎರಡನೆಯ ಅಕ್ಷರದ ಸಂಖ್ಯೆ ನೋಡಿ: ಮಿಡ್ ಸೂತ್ರದಿಂದ ಅದನ್ನು ತೆಗೆದು ಯುನಿಕೋಡ್ ಸೂತ್ರಕ್ಕೆ ಕೊಡಿ. 3202 ಬಂದರೆ ಅದು ನಿಜವಾದ ಅನುಸ್ವಾರ. 3302 ಬಂದರೆ ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆಯನ್ನು ಕೂರಿಸಿದ್ದಾರೆ: "ಸ೦ಶೋಧನೆ". ಎಷ್ಟೋ ಫಾಂಟ್‌ಗಳಲ್ಲಿ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕೆಲವರು ಇಂಗ್ಲಿಷಿನ ಓ ಅಕ್ಷರವನ್ನೂ ಹಾಕಿರುತ್ತಾರೆ, ಅದರ ಸಂಖ್ಯೆ 111. ಬದಲಿಸುವಾಗ ಕುರುಡಾಗಿ ಎಲ್ಲ ಸೊನ್ನೆಯನ್ನೂ ಬದಲಿಸಿದರೆ "೧೦೦ ಕಥೆಗಳು" ಕೆಡುತ್ತದೆ. ಹಿಂದಿನ ಅಕ್ಷರ ವ್ಯಂಜನವೋ ಸ್ವರವೋ ಕಾಗುಣಿತ ಚಿಹ್ನೆಯೋ ಆಗಿದ್ದಾಗ ಮಾತ್ರ ಬದಲಿಸಿ, ಅಂಕಿಯಾಗಿದ್ದರೆ ಬಿಡಿ. ಓಪನ್‌ರಿಫೈನ್ ಎಂಬ ಡೇಟಾ ಶುದ್ಧಿ ತಂತ್ರಾಂಶದಲ್ಲಿ ರೆಜೆಕ್ಸ್ (ಅಕ್ಷರವಿನ್ಯಾಸ ಹುಡುಕುವ ಸೂತ್ರ) ಬರೆದರೆ ಇಡೀ ಕಾಲಮ್ ಒಂದೇ ಸಲಕ್ಕೆ ಆಗುತ್ತದೆ.

ಮೂರನೆಯದು ಒಡೆದ ಸ್ವರಚಿಹ್ನೆ. "ಕೋಶ" ಎಂಬುದರ ಉದ್ದ 3 ಬರಬೇಕು. 5 ಬಂದರೆ ಓತ್ವವನ್ನು ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡಾಗಿ ಬರೆಯಲಾಗಿದೆ. ಫಾಂಟ್ ಪರಿವರ್ತಕಗಳಿಂದ ಬಂದ ಪಠ್ಯದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಎನ್‌ಎಫ್‌ಸಿ ಎಂಬ ಯುನಿಕೋಡ್ ಸಾಮಾನ್ಯೀಕರಣ (ತುಂಡುಗಳನ್ನು ಒಂದೇ ಸಂಕೇತಕ್ಕೆ ತರುವ ವಿಧಾನ) ಇದನ್ನು ಒಂದುಗೂಡಿಸುತ್ತದೆ. ಪೈಥಾನ್‌ನ ಯುನಿಕೋಡ್‌ಡೇಟಾದಲ್ಲಿ ಒಂದೇ ಸಾಲಿನ ಕೆಲಸ. ಆದರೆ ಸೊನ್ನೆ ಮತ್ತು ಅನುಸ್ವಾರದ ಗೊಂದಲವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ, ಅವು ಅದರ ದೃಷ್ಟಿಯಲ್ಲಿ ಸಂಬಂಧವೇ ಇಲ್ಲದ ಅಕ್ಷರಗಳು. "ರ‍್ಯಾಂಕ್" ಎಂಬಂಥ ಪದಗಳನ್ನೂ ಅದು ಮುಟ್ಟುವುದಿಲ್ಲ: ರಕಾರದ ನಂತರ ಜೋಡಕ (ಯು+200ಡಿ) ಮೊದಲೋ ವಿರಾಮ ಮೊದಲೋ ಎಂಬ ಎರಡು ಕ್ರಮಗಳು ಚಾಲ್ತಿಯಲ್ಲಿವೆ, ಎರಡೂ ಒಂದೇ ರೀತಿ ಕಾಣಬಹುದು.

ಯುನಿಕೋಡ್ ಅಲ್ಲದ ಹಳೆಯ ಸಾಲುಗಳನ್ನು ಪರಿವರ್ತಿಸುವ ಮುಂಚೆ ಅವನ್ನು ಪ್ರತ್ಯೇಕ ಹಾಳೆಗೆ ತೆಗೆಯಿರಿ. ಆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಚೂರುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುತ್ತವೆ. ಒಂದೇ ಕೋಶದಲ್ಲಿ ಕನ್ನಡ ಶೀರ್ಷಿಕೆಯ ಜೊತೆ ಇಂಗ್ಲಿಷ್ ಉಪಶೀರ್ಷಿಕೆ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಎಂದುಕೊಂಡು ಅರ್ಥವಿಲ್ಲದ ಅಕ್ಷರಗಳ ರಾಶಿ ಮಾಡುತ್ತದೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನೇ ಆರಿಸಿ ಓದಿ. "ವರ್ಗ", "ಸೂರ್ಯ", "ಮಾರ್ಗ" ಇವು ಸರಿ ಬಂದಿದ್ದರೆ ಉಳಿದದ್ದು ಬಹುತೇಕ ಸರಿ, ಏಕೆಂದರೆ ಆ ಫಾಂಟ್‌ಗಳಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಬರೆಯುತ್ತಾರೆ, ಯುನಿಕೋಡ್‌ನಲ್ಲಿ ಮೊದಲು. ಜಾಗ ಬದಲಿಸುವುದರಲ್ಲೇ ಪರಿವರ್ತಕ ಎಡವುವುದು.

ಇನ್ನು ಸೂಚಿ. ಜೀಬ್ರಾ ಬಂದಹಾಗೇ ಇದ್ದರೆ ಅದು ಸಿಎಚ್‌ಆರ್ ಎಂಬ ಅಕ್ಷರಪಟ್ಟಿಯ ಪ್ರಕಾರ ಪದ ಒಡೆಯುತ್ತದೆ. ಆ ಪಟ್ಟಿ ಲ್ಯಾಟಿನ್ ಲಿಪಿಗೆಂದೇ ಹೊಲಿದ ಅಂಗಿ. ಕನ್ನಡಕ್ಕೆ ಐಸಿಯು (ಎಲ್ಲ ಲಿಪಿಗಳ ಯುನಿಕೋಡ್ ನಿಯಮ ಬಲ್ಲ ಸಲಕರಣೆ) ಬೇಕು. ಜೀಬ್ರಾದ ಡಿಫಾಲ್ಟ್.ಐಡಿಎಕ್ಸ್ ಕಡತದಲ್ಲಿ ಪದದ ವಿಭಾಗ ಮತ್ತು ವಾಕ್ಯಾಂಶದ ವಿಭಾಗ ಎರಡರಲ್ಲೂ ಚಾರ್‌ಮ್ಯಾಪ್ ಸಾಲನ್ನು ತೆಗೆದು ಐಸಿಯುಚೈನ್ ಸಾಲನ್ನು ಜಾರಿಗೆ ತನ್ನಿ. ಪದಕ್ಕೆ ವರ್ಡ್ಸ್-ಐಸಿಯು, ವಾಕ್ಯಾಂಶಕ್ಕೆ ಫ್ರೇಸಸ್-ಐಸಿಯು. ಆ ಎರಡು ಎಕ್ಸ್‌ಎಂಎಲ್ ಕಡತಗಳಲ್ಲಿ ಶೂನ್ಯ ಅಗಲದ ಎರಡು ಅಕ್ಷರಗಳನ್ನು (200ಸಿ, 200ಡಿ) ತೆಗೆದುಹಾಕುವ ಒಂದು ಟ್ರಾನ್ಸ್‌ಫಾರ್ಮ್ ನಿಯಮ ಸೇರಿಸಿ. ಮೊದಲೇ ಇರುವ "ಕಂಟ್ರೋಲ್" ನಿಯಮ ಸಾಕು ಎಂದುಕೊಳ್ಳಬೇಡಿ, ಇವು ಆ ವರ್ಗಕ್ಕೆ ಸೇರಿದವಲ್ಲ, "ಫಾರ್ಮ್ಯಾಟ್" ವರ್ಗದವು. ಇದೇ ನಿಯಮ ಹುಡುಕುವವರು ಟೈಪ್ ಮಾಡಿದ ಪದಕ್ಕೂ ಅನ್ವಯಿಸುತ್ತದೆ. ಹಾಗಾಗಿ 10 ಅಕ್ಷರದ ಸಾಫ್ಟ್ವೇರೂ 11 ಅಕ್ಷರದ್ದೂ ಒಂದೇ ಕಡೆ ಬಂದು ಸೇರುತ್ತವೆ.

ಕಡತ ಬದಲಿಸಿದ ಮೇಲೆ ಜೀಬ್ರಾವನ್ನು ಮರುಪ್ರಾರಂಭಿಸಿ, ಕೋಹಾ-ರೀಬಿಲ್ಡ್-ಜೀಬ್ರಾ ಆಜ್ಞೆಯನ್ನು ಹೈಫನ್ ಎಫ್ ಸಮೇತ ಕೊಡಿ. ಎಫ್ ಇಲ್ಲದೆ ಕೊಟ್ಟರೆ ಬದಲಾದ ದಾಖಲೆಗಳು ಮಾತ್ರ ಸೂಚಿಗೆ ಸೇರುತ್ತವೆ, ಹಳೆಯವು ಹಳೆಯ ಪಟ್ಟಿಯಲ್ಲೇ ಉಳಿಯುತ್ತವೆ. "ಐಸಿಯು ಹಾಕಿದರೂ ಪ್ರಯೋಜನವಾಗಲಿಲ್ಲ" ಎನ್ನುವವರಲ್ಲಿ ಅರ್ಧ ಜನ ಇಲ್ಲೇ ತಪ್ಪಿರುತ್ತಾರೆ.

ಕಪಾಟಿನಂಚು

ತುಂಬಾ ಉಪಕಾರವಾಯಿತು. ಸೊನ್ನೆಯ ತಪ್ಪು 6,000 ಸಾಲುಗಳಲ್ಲಿ 740 ಕಡೆ ಸಿಕ್ಕಿತು, ತಿದ್ದಾಯಿತು. ಐಸಿಯುಗೂ ಬದಲಿಸಿದ್ದೇವೆ, ಪೂರ್ತಿ ಮರುಸೂಚಿ ಮಾಡಿದ್ದೇವೆ. ಸಾಫ್ಟ್‌ವೇರ್, ಸಂಶೋಧನೆ ಎರಡೂ ಈಗ ಸರಿಯಾಗಿ ಬರುತ್ತವೆ.

ಆದರೆ ಹೊಸ ವಿಚಿತ್ರ. "ಮನೆ" ಎಂದು ಹುಡುಕಿದರೆ "ಮನ"ವೂ ಬರುತ್ತದೆ, "ಮನಿ"ಯೂ ಬರುತ್ತದೆ. "ಮನು" ಮಾತ್ರ ಬರುವುದಿಲ್ಲ. "ಕೆರೆ" ಹಾಕಿದರೆ "ಕರ" ಇರುವ ಪುಸ್ತಕವೆಲ್ಲ ಬರುತ್ತದೆ. ಫಝಿ (ಹೋಲುವ ಪದಗಳನ್ನೂ ತರುವ) ಹುಡುಕಾಟ ಆಫ್ ಮಾಡಿ ನೋಡಿದ್ದೇವೆ, ಬದಲಾಗಲಿಲ್ಲ.

ಅಕ್ಷರಗಣ

"ಮನು ಬರುವುದಿಲ್ಲ" ಎಂದು ಬರೆದಿರಲ್ಲ, ಉತ್ತರ ಅದರಲ್ಲೇ ಇದೆ. ನಿಮ್ಮ ಐಸಿಯು ಕಡತದಲ್ಲಿ ಎನ್‌ಎಫ್‌ಡಿ (ಅಕ್ಷರವನ್ನು ತುಂಡು ಮಾಡುವುದು), ನಾನ್‌ಸ್ಪೇಸಿಂಗ್ ಮಾರ್ಕ್ ರಿಮೂವ್ (ಪ್ರತ್ಯೇಕ ಜಾಗ ತೆಗೆದುಕೊಳ್ಳದ ಚಿಹ್ನೆಗಳನ್ನು ಕಿತ್ತುಹಾಕುವುದು), ಎನ್‌ಎಫ್‌ಸಿ ಎಂಬ ಮೂರು ಹೆಜ್ಜೆಯ ನಿಯಮ ಇದ್ದೇ ಇರುತ್ತದೆ, ನೋಡಿ. ಫ್ರೆಂಚ್, ಜರ್ಮನ್ ಅಕ್ಷರಗಳ ತಲೆಯ ಮೇಲಿನ ಚಿಹ್ನೆಗಳನ್ನು ಕಳಚಿ ಹುಡುಕಾಟ ಸುಲಭ ಮಾಡಲು ಬರೆದ ನಿಯಮ ಅದು. ಆದರೆ ಯುನಿಕೋಡ್ ವರ್ಗೀಕರಣದಲ್ಲಿ ನಮ್ಮ ಇತ್ವ (ಿ), ಎತ್ವ (ೆ), ಔತ್ವ (ೌ), ವಿರಾಮ (್) ಇವೂ ನಾನ್‌ಸ್ಪೇಸಿಂಗ್ ಗುಂಪಿನಲ್ಲೇ ಇವೆ. ಆತ್ವ (ಾ), ಉತ್ವ (ು), ಅನುಸ್ವಾರ ಇವು ಸ್ಪೇಸಿಂಗ್ ಗುಂಪಿನವು. ಅದಕ್ಕೇ ಮನೆ, ಮನಿ ಎರಡೂ ತಲೆ ಬೋಳಾಗಿ "ಮನ" ಆದವು, ಉತ್ವ ಉಳಿದುಕೊಂಡದ್ದರಿಂದ ಮನು ಬಚಾವಾಯಿತು. ವಿರಾಮ ಹೋದರೆ ಒತ್ತಕ್ಷರಗಳೆಲ್ಲ ಬಿಡಿ ಅಕ್ಷರ: "ಹತ್ತ"ವೂ "ಹತತ"ವೂ ಒಂದೇ.

ನಿಯಮವನ್ನು ಪೂರ್ತಿ ತೆಗೆಯಬೇಡಿ, ಇಂಗ್ಲಿಷ್ ಕಡೆ ಅದು ಬೇಕು. ನಾನ್‌ಸ್ಪೇಸಿಂಗ್ ಮಾರ್ಕ್ ಎಂಬ ಜಾಗದಲ್ಲಿ ಲ್ಯಾಟಿನ್ ಚಿಹ್ನೆಗಳ ಶ್ರೇಣಿಯನ್ನಷ್ಟೇ ಕೊಡಿ, 0300ರಿಂದ 036ಎಫ್‌ವರೆಗೆ. ಎರಡೂ ಎಕ್ಸ್‌ಎಂಎಲ್ ಕಡತಗಳಲ್ಲಿ ಬದಲಿಸಿ ಮತ್ತೊಮ್ಮೆ ಪೂರ್ತಿ ಮರುಸೂಚಿ. ಪರೀಕ್ಷೆಗೆ ಒಂದು ಚಿಕ್ಕ ಪಟ್ಟಿ ಇಟ್ಟುಕೊಳ್ಳಿ: ಮನೆ, ಮನಿ, ಹತ್ತು, ಕೋಶ, ಸಾಫ್ಟ್‌ವೇರ್, ಸಂಶೋಧನೆ, ರ‍್ಯಾಂಕ್. ಕೋಹಾ ಆವೃತ್ತಿ ಏರಿಸಿದಾಗಲೆಲ್ಲ ಈ ಏಳು ಪದ ಹುಡುಕಿ ನೋಡಿ. ಪ್ಯಾಕೇಜ್ ನವೀಕರಣದಲ್ಲಿ "ಹೊಸ ಕಡತ ಹಾಕಲೇ?" ಎಂದು ಕೇಳಿದಾಗ ಹೂಂ ಎಂದುಬಿಟ್ಟರೆ ನಿಮ್ಮ ತಿದ್ದುಪಡಿ ಹಾರಿಹೋಗುತ್ತದೆ.

ವಿಭಕ್ತಿಯ ಬಗ್ಗೆಯೂ ಒಂದು ಮಾತು. ಸಿಸ್ಟಂ ಪ್ರಿಫರೆನ್ಸ್‌ನಲ್ಲಿ ಆಟೋ ಟ್ರಂಕೇಶನ್ ಆನ್ ಮಾಡಿದರೆ "ಪುಸ್ತಕ" ಎಂದಾಗ ಪುಸ್ತಕಗಳು, ಪುಸ್ತಕದ ಎಲ್ಲ ಬರುತ್ತವೆ. ಆದರೆ "ಕಾಡು" ಎಂದರೆ "ಕಾಡಿನ" ಬರುವುದಿಲ್ಲ, ಕೊನೆಯ ಉಕಾರವೇ ಅಲ್ಲಿ ಇಲ್ಲವಲ್ಲ. "ಕಾಡ" ಎಂದು ಟೈಪ್ ಮಾಡಿದರೆ ಎರಡೂ ಸಿಗುತ್ತವೆ. ಇದನ್ನು ಓಪ್ಯಾಕ್‌ನ ಹುಡುಕುಪೆಟ್ಟಿಗೆಯ ಕೆಳಗೆ ಒಂದು ಸಾಲಿನಲ್ಲಿ ಬರೆದಿಡಿ.

ಮಾರ್ಕ್_245

ಇದಕ್ಕೇ ಸೇರಿಸಿ: ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಓಪ್ಯಾಕ್‌ನಲ್ಲಿ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. 245ರಲ್ಲಿ (ಶೀರ್ಷಿಕೆಯ ಕ್ಷೇತ್ರ) ಕನ್ನಡ ಲಿಪಿಯ ಶೀರ್ಷಿಕೆ ಇರಲಿ, 246ರಲ್ಲಿ (ಪರ್ಯಾಯ ಶೀರ್ಷಿಕೆಯದು) ಅದರ ಸರಳ ರೋಮನ್ ರೂಪ ಕೊಡಿ, ಮೇಲೆ ಕೆಳಗೆ ಚಿಹ್ನೆಗಳಿಲ್ಲದೆ. ಝಡ್39.50 (ಗ್ರಂಥಾಲಯಗಳ ನಡುವೆ ದಾಖಲೆ ಹುಡುಕಿ ತರುವ ಶಿಷ್ಟಾಚಾರ) ಮೂಲಕ ಹೊರಗಿನ ಗ್ರಂಥಾಲಯಗಳಿಂದ ಕನ್ನಡ ಪುಸ್ತಕದ ದಾಖಲೆ ಇಳಿಸಿದರೆ ಇದರ ತಿರುವುಮುರುವು ಸಿಗುತ್ತದೆ: 245ರಲ್ಲಿ ರೋಮನ್, ಕನ್ನಡ ಲಿಪಿ ಇದ್ದರೆ 880ರಲ್ಲಿ (ಅದೇ ಮಾಹಿತಿಯನ್ನು ಮೂಲ ಲಿಪಿಯಲ್ಲಿ ಇಡುವ ಕ್ಷೇತ್ರ). ಶಾಸ್ತ್ರಪ್ರಕಾರ 880ರ ಜೋಡಣೆಯೇ ಸರಿ ಎಂದು ವಾದಿಸುವವರಿದ್ದಾರೆ, ಅವರ ಮಾತು ತಪ್ಪಲ್ಲ. ಕನ್ನಡ ಓದುಗರೇ ಬಳಸುವ ಪಟ್ಟಿಯಲ್ಲಿ ಮೊದಲು ಕಾಣಬೇಕಾದದ್ದು ಕನ್ನಡ ಎಂಬುದು ನನ್ನ ಪಕ್ಷ. ಏನೇ ಮಾಡಿ, 6,000ಕ್ಕೂ ಒಂದೇ ಪದ್ಧತಿ ಮಾಡಿ. ಝಡ್39.50 ಸಂಪರ್ಕವೇ ಆಗದಿದ್ದರೆ ಕೋಹಾವನ್ನು ಬೈಯುವ ಮುಂಚೆ ಫೈರ್‌ವಾಲ್‌ನಲ್ಲಿ ಹೊರಹೋಗುವ ಪೋರ್ಟ್ 210 ತೆರೆದಿದೆಯೇ ಕೇಳಿ.

ಕೌಂಟರ್_ಹಿಂದೆ

ಬಾರ್‌ಕೋಡ್ ಪ್ರಶ್ನೆ ಯಾರೂ ಮುಟ್ಟಿಲ್ಲ. ಬಾರ್‌ಕೋಡ್ ಬಗೆಗಳಲ್ಲಿ ಕೋಡ್ 39 ಬೇಡ, ಕೋಡ್ 128 ಮಾಡಿ. ಲೆಕ್ಕ ನೋಡಿ: 203 ಡಿಪಿಐ ಪ್ರಿಂಟರಿನಲ್ಲಿ ಒಂದು ಚುಕ್ಕೆ 0.125 ಮಿ.ಮೀ., ಸಣ್ಣ ಗೆರೆಗೆ ಎರಡು ಚುಕ್ಕೆ ಎಂದರೆ 0.25. ಆರು ಅಂಕಿಯನ್ನು ಕೋಡ್ 128ರ ಸಿ ಗುಂಪಿನಲ್ಲಿ ಬರೆದರೆ ಒಟ್ಟು 68 ಮಾಡ್ಯೂಲ್ (ಒಂದು ಸಣ್ಣ ಗೆರೆಯ ಅಗಲ), 17 ಮಿ.ಮೀ. ಎರಡೂ ಬದಿ ಖಾಲಿ ಜಾಗ ಹತ್ತು ಹತ್ತು ಮಾಡ್ಯೂಲ್ ಸೇರಿಸಿದರೆ 22. ಅದೇ ಕೋಡ್ 39ರಲ್ಲಿ ದಪ್ಪ ಮತ್ತು ಸಣ್ಣ ಗೆರೆಗಳ 3:1 ಅನುಪಾತಕ್ಕೆ ಸುಮಾರು 37 ಮಿ.ಮೀ. ಆಗುತ್ತದೆ. ತೆಳು ಪುಸ್ತಕಕ್ಕೆ, ಚಿಕ್ಕ ಲೇಬಲ್‌ಗೆ ಈ ವ್ಯತ್ಯಾಸ ದೊಡ್ಡದು. ಬದಿಯ ಖಾಲಿ ಜಾಗಕ್ಕೆ ಕತ್ತರಿ ಹಾಕಿದರೆ ಮಾತ್ರ ಸ್ಕ್ಯಾನರ್ ಮುನಿಸಿಕೊಳ್ಳುತ್ತದೆ.

ಡೈರೆಕ್ಟ್ ಥರ್ಮಲ್ ಲೇಬಲ್ ತೆಗೆದುಕೊಳ್ಳಬೇಡಿ, ಬಿಸಿಲಿಗೆ ಉಜ್ಜಾಟಕ್ಕೆ ಮಾಸುತ್ತದೆ. ರಿಬ್ಬನ್ ಇರುವ ಥರ್ಮಲ್ ಟ್ರಾನ್ಸ್‌ಫರ್ ಬೇಕು. ಲೇಸರ್ ಪ್ರಿಂಟರಿನಲ್ಲಿ ಎ4 ಲೇಬಲ್ ಹಾಳೆ ಬಳಸುವುದಾದರೆ ಮುದ್ರಣದ ಅಳತೆ 100% ಇಡಿ. "ಪುಟಕ್ಕೆ ಹೊಂದಿಸು" ಇದ್ದರೆ ಮೊದಲ ಸಾಲು ಸರಿ, ಕೊನೆಯ ಸಾಲು ಲೇಬಲ್ ದಾಟಿರುತ್ತದೆ. ಮೇಲೆ ಹೊಳಪಿನ ಟೇಪ್ ಅಂಟಿಸಬೇಡಿ, ಸ್ಕ್ಯಾನರಿನ ಬೆಳಕು ತಿರುಗಿ ಹೊಡೆಯುತ್ತದೆ. ಎರಡು ಲೇಬಲ್ ಇರಲಿ, ಒಂದು ಹೊರಗೆ, ಒಂದು ಶೀರ್ಷಿಕೆ ಪುಟದ ಹಿಂದೆ.

ಆರ್‌ಎಫ್‌ಐಡಿ: ಕೌಂಟರಿನಲ್ಲಿ ಒಟ್ಟಿಗೆ ಐದಾರು ಪುಸ್ತಕ ಕೊಡುವುದಕ್ಕೂ, ಕಪಾಟಿನ ಮುಂದೆ ರೀಡರ್ ಹಿಡಿದು ತಾಳೆ ನೋಡುವುದಕ್ಕೂ ನಿಜಕ್ಕೂ ಅನುಕೂಲ. ಆದರೆ ಟ್ಯಾಗ್‌ನಲ್ಲಿ ಬರೆಯುವುದು ನಿಮ್ಮ ಬಾರ್‌ಕೋಡ್ ಸಂಖ್ಯೆಯನ್ನೇ. ಡೇಟಾ ಕೊಳೆಯಾಗಿದ್ದರೆ ಕೊಳೆಯನ್ನೇ ಚಿಪ್‌ಗೆ ಬರೆದಂತಾಗುತ್ತದೆ. ಹಾಗಾಗಿ ಮೊದಲು ಬಾರ್‌ಕೋಡ್, ಒಂದು ಪೂರ್ತಿ ಸ್ಟಾಕ್ ವೆರಿಫಿಕೇಶನ್, ಆಮೇಲೆ ಟ್ಯಾಗ್. ಕೊಳ್ಳುವ ಕರಾರಿನಲ್ಲಿ 13.56 ಮೆಗಾಹರ್ಟ್ಸ್, ಐಎಸ್‌ಒ 15693 ಟ್ಯಾಗ್, ಐಎಸ್‌ಒ 28560 ಪ್ರಕಾರ ಡೇಟಾ ಎಂದು ಸ್ಪಷ್ಟವಾಗಿ ಬರೆಸಿ. ಇಲ್ಲವಾದರೆ ಸರಬರಾಜುದಾರ ತನ್ನದೇ ಗುಪ್ತ ವಿನ್ಯಾಸದಲ್ಲಿ ಬರೆದು ಬೀಗ ಹಾಕುತ್ತಾನೆ, ಮುಂದೆ ಬೇರೆಯವರ ರೀಡರ್ ಅದನ್ನು ಓದುವುದಿಲ್ಲ. ಟ್ಯಾಗನ್ನು ಎಲ್ಲ ಪುಸ್ತಕಕ್ಕೂ ಒಂದೇ ಎತ್ತರದಲ್ಲಿ ಅಂಟಿಸಬೇಡಿ. ತೆಳು ಪುಸ್ತಕಗಳು ಪಕ್ಕಪಕ್ಕ ಕೂತಾಗ ಟ್ಯಾಗ್ ಮೇಲೆ ಟ್ಯಾಗ್ ಬಂದು ಒಂದು ಇನ್ನೊಂದನ್ನು ಮಂಕಾಗಿಸುತ್ತದೆ. ಲೋಹದ ಹಾಳೆಯ ಹೊಳಪು ರಕ್ಷಾಪುಟ, ಸಿಡಿ ಇರುವ ಪುಸ್ತಕ, ಕಪಾಟಿನ ಕಬ್ಬಿಣದ ಬದಿಗೆ ಒತ್ತಿಕೊಂಡ ಪುಸ್ತಕ ಇವು ತಾಳೆಯಲ್ಲಿ ಕಾಣೆಯಾಗುವುದು ಮಾಮೂಲು. ಕಾಣೆ ಎಂದು ಬರೆಯುವ ಮುಂಚೆ ಕೈಯಿಂದ ನೋಡಿ.

ಸರ್ವರ್‌ರೂಮು

ಓದುಗರೇ ಪುಸ್ತಕ ಪಡೆದು ಮರಳಿಸುವ ಸೆಲ್ಫ್ ಚೆಕ್ ಯಂತ್ರ ಬಂದರೆ ಅದು ಕೋಹಾ ಜೊತೆ ಮಾತಾಡುವುದು ಎಸ್‌ಐಪಿ2 ಎಂಬ ಶಿಷ್ಟಾಚಾರದಲ್ಲಿ. ಎರಡು ಎಚ್ಚರಿಕೆ. ಎಸ್‌ಐಪಿ2 ಸಂದೇಶಗಳಲ್ಲಿ ಪಾಸ್‌ವರ್ಡ್ ಸಮೇತ ಎಲ್ಲವೂ ಬಿಚ್ಚುಪಠ್ಯ, ಹಾಗಾಗಿ ಎಸ್‌ಟನಲ್ ಅಥವಾ ವಿಪಿಎನ್‌ನಂಥ ಗೂಢಲಿಪಿಯ ದಾರಿಯೊಳಗೇ ಹರಿಯಲಿ. ಯಂತ್ರ ಲಾಗಿನ್ ಸಂದೇಶ (93) ಕಳಿಸಿ ಸುಮ್ಮನೆ ಕಾದು ಟೈಮ್‌ಔಟ್ ಆದರೆ ಬಹುತೇಕ ಸಾಲಿನ ಕೊನೆಯ ಗುರುತಿನ ಜಗಳ: ಒಂದು ಕಡೆ ಸಿಆರ್ ಮಾತ್ರ, ಇನ್ನೊಂದು ಕಡೆ ಸಿಆರ್ಎಲ್ಎಫ್. ಕೋಹಾದ ಎಸ್‌ಐಪಿ ಸಂರಚನೆಯಲ್ಲಿ ಟರ್ಮಿನೇಟರ್ ಬದಲಿಸಿ ನೋಡಿ.

ಬ್ಯಾಕಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ಯಾಕೇಜಿನಿಂದ ಹಾಕಿದ ಕೋಹಾ ದಿನವೂ ತಾನೇ ಬ್ಯಾಕಪ್ ತೆಗೆಯುತ್ತದೆ, ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಅದು ಇಡುವುದು ಅದೇ ಸರ್ವರಿನ ಸ್ಪೂಲ್ ಫೋಲ್ಡರಿನಲ್ಲಿ, ಉಳಿಸಿಕೊಳ್ಳುವುದು ಎರಡು ದಿನದ್ದು ಮಾತ್ರ. ಶುಕ್ರವಾರ ಯಾರೋ ತಪ್ಪಾಗಿ ಗುಂಪು ಅಳಿಸಿ ಸೋಮವಾರ ಗೊತ್ತಾದರೆ ಒಳ್ಳೆಯ ಪ್ರತಿ ಒಂದೂ ಇರುವುದಿಲ್ಲ. ಡಿಸ್ಕ್ ಹೋದರೆ ಎರಡೂ ಹೋದವು. ಕ್ರಾನ್ (ನಿಗದಿತ ವೇಳೆಗೆ ಕೆಲಸ ನಡೆಸುವ) ಕಡತದಲ್ಲಿ ದಿನಗಳನ್ನು 14ಕ್ಕೆ ಏರಿಸಿ, ಆರ್‌ಸಿಂಕ್ ಎಂಬ ನಕಲು ಆಜ್ಞೆಯಿಂದ ಬೇರೆ ಯಂತ್ರಕ್ಕೂ, ವಾರಕ್ಕೊಮ್ಮೆ ಕಟ್ಟಡದ ಹೊರಗಿನ ಜಾಗಕ್ಕೂ ನಕಲಿಸಿ. ತಿಂಗಳಿಗೊಮ್ಮೆ ಖಾಲಿ ಯಂತ್ರವೊಂದರಲ್ಲಿ ಕೋಹಾ-ರೀಸ್ಟೋರ್ ಮಾಡಿ ದಾಖಲೆಗಳ ಎಣಿಕೆ ತಾಳೆ ನೋಡಿ. ಬ್ಯಾಕಪ್‌ನಲ್ಲಿ ಡೇಟಾಬೇಸ್ ಮತ್ತು ಸಂರಚನೆ ಎರಡು ಕಡತ ಇರುತ್ತವೆ; ಒಂದನ್ನೇ ನಕಲಿಸಿದ್ದರೆ ಅವತ್ತೇ ಗೊತ್ತಾಗಲಿ.

ಕಪಾಟಿನಂಚು

ಲ್ಯಾಟಿನ್ ಶ್ರೇಣಿ ಕೊಟ್ಟ ಮೇಲೆ ಮನೆ, ಕೆರೆ ಎರಡೂ ಸರಿಯಾದವು. ಬ್ಯಾಕಪ್ ನಿಜಕ್ಕೂ ಎರಡೇ ದಿನದ್ದಿತ್ತು!

ಕೊನೆಯ ಪ್ರಶ್ನೆ. ಸಂಶೋಧನಾ ಪ್ರಬಂಧಗಳ ಸಾರಾಂಶವನ್ನು 520ರಲ್ಲಿ ಹಾಕಿದ್ದೇವೆ. ಇಂಗ್ಲಿಷ್ ಸಾರಾಂಶಗಳು ಪೂರ್ತಿ ಬಂದಿವೆ. ಅಷ್ಟೇ ಉದ್ದದ ಕನ್ನಡ ಸಾರಾಂಶವಿರುವ ಕೆಲವು ದಾಖಲೆಗಳು ಏರುವಾಗಲೇ ದೋಷ ಎನ್ನುತ್ತವೆ. ಇದೂ ಯುನಿಕೋಡ್ ತೊಂದರೆಯೇ?

ಮಾರ್ಕ್_245

ಅಲ್ಲ, ಇದು ಐಎಸ್‌ಒ 2709ರ (ಮಾರ್ಕ್ ಕಡತದ ಮೂಲ ರೂಪ) ಹಳೆಯ ಮಿತಿ. ಮಾರ್ಕ್ ಕಡತದ ಡೈರೆಕ್ಟರಿಯಲ್ಲಿ (ಕ್ಷೇತ್ರಗಳ ಪಟ್ಟಿ) ಪ್ರತಿ ಕ್ಷೇತ್ರದ ಉದ್ದ ಬರೆಯಲು ನಾಲ್ಕೇ ಅಂಕಿ, ಅಂದರೆ 9,999 ಬೈಟ್. ಇಡೀ ದಾಖಲೆಗೆ ಐದು ಅಂಕಿ, 99,999. ಇಂಗ್ಲಿಷ್ ಅಕ್ಷರ ಯುಟಿಎಫ್-8ರಲ್ಲಿ ಒಂದು ಬೈಟ್, ಕನ್ನಡದ ಪ್ರತಿ ವ್ಯಂಜನ, ಪ್ರತಿ ಕಾಗುಣಿತ ಚಿಹ್ನೆ, ಪ್ರತಿ ವಿರಾಮ ಮೂರು ಮೂರು ಬೈಟ್. "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೆ ಸ, ್, ತ, ್, ರ, ೀ ಸೇರಿ 18 ಬೈಟ್. ಸ್ಪೇಸುಗಳು ಒಂದೊಂದೇ ಬೈಟ್ ಆದರೂ ಕನ್ನಡ ಸಾರಾಂಶ 3,300 ಯುನಿಕೋಡ್ ಅಕ್ಷರ ದಾಟಿ ಸ್ವಲ್ಪದರಲ್ಲೇ ಮಿತಿ ಮುಟ್ಟುತ್ತದೆ, ಆಮೇಲೆ ಡೈರೆಕ್ಟರಿಯ ಲೆಕ್ಕವೇ ತಪ್ಪಿ ಮುಂದಿನ ಕ್ಷೇತ್ರಗಳೂ ಅಸ್ತವ್ಯಸ್ತ.

ಮಾರ್ಕ್‌ಎಡಿಟ್‌ನಲ್ಲಿ ಅದನ್ನು ಮಾರ್ಕ್‌ಎಕ್ಸ್‌ಎಂಎಲ್ ಆಗಿ ಉಳಿಸಿ ಏರಿಸಿ, ಸ್ಟೇಜ್ ಮಾಡುವಾಗ ಕಡತದ ಬಗೆಯನ್ನೂ ಮಾರ್ಕ್‌ಎಕ್ಸ್‌ಎಂಎಲ್ ಎಂದು ಆರಿಸಿ. ಅದರಲ್ಲಿ ಡೈರೆಕ್ಟರಿ ಇಲ್ಲ, ಮಿತಿಯೂ ಇಲ್ಲ. ಆದರೆ ಮುಂದೆ ಯಾರಿಗಾದರೂ ದಾಖಲೆ ರಫ್ತು ಮಾಡುವಾಗ ಹಳೆಯ ರೂಪದಲ್ಲಿ ಕೊಟ್ಟರೆ ಅದೇ ಗೋಡೆಗೆ ಮತ್ತೆ ತಲೆ ಬಡಿಯುತ್ತದೆ. ಉದ್ದದ ಸಾರಾಂಶವನ್ನು ಎರಡು 520 ಆಗಿ ಒಡೆದು ಇಟ್ಟರೆ ಆ ಕಾಟವೂ ಇಲ್ಲ. ಒಡೆಯುವಾಗ ವಾಕ್ಯದ ಕೊನೆಯಲ್ಲಿ ಒಡೆಯಿರಿ, ಸ್ಕ್ರಿಪ್ಟಿಗೆ ಬೈಟ್ ಲೆಕ್ಕದಲ್ಲಿ ಕತ್ತರಿಸಲು ಬಿಟ್ಟರೆ ಅಕ್ಷರದ ಮಧ್ಯಕ್ಕೇ ಕತ್ತರಿ ಬೀಳುತ್ತದೆ.